ಕ್ಯಾನ್ಸರ್ ಅಂದ್ರೆ ಏನು, ಗಡ್ಡೆಗೆ ಹೆಸರಿಡೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೆಥಾಲಜಿಸ್ಟ್, ಅಂದರೆ ಅಂಗಾಂಶ ನೋಡಿ ರೋಗ ಗುರುತಿಸುವ ಡಾಕ್ಟರ್. ನನ್ನ ಕೆಲಸ ಮೈಕ್ರೋಸ್ಕೋಪ್ ಮುಂದೆ. ರೋಗಿಯ ಮುಖ ಕಾಣುವುದು ಅಪರೂಪ. ಅವರ ದೇಹದಿಂದ ತೆಗೆದ ಒಂದು ಚೂರು ಮಾತ್ರ ನನ್ನ ಮೇಜಿಗೆ ಬರುತ್ತದೆ. ಆದರೂ ರಿಪೋರ್ಟ್ ಹಿಡಿದು ಲ್ಯಾಬ್ ಬಾಗಿಲ ತನಕ ಬಂದು ಕೇಳಿದವರಿದ್ದಾರೆ. ಪತ್ರ ಬರೆದವರಿದ್ದಾರೆ. ಮಾತಿನ ನಡುವೆ ದನಿ ತಗ್ಗಿಸಿ "ಒಂದು ಕೇಳ್ಲಾ?" ಅಂದವರಿದ್ದಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾನ್ಸರ್ ಅನ್ನುವುದು ಮನೆತನದ ಹೆಸರಿದ್ದ ಹಾಗೆ. ಆ ಮನೆಯವರು ಯಾರು ಬಂದಿದ್ದಾರೆ ಅಂತ ತಿಳಿಯದೆ ಹೆದರಿ ಕೂರುವುದೂ ತಪ್ಪು, ಏನಾಗಲ್ಲ ಬಿಡು ಅನ್ನುವುದೂ ತಪ್ಪು. ಪೂರ್ತಿ ಹೆಸರು ಕೇಳಿ. ಇನ್ನು ನಿಮ್ಮ ಚಿಕಿತ್ಸೆಯ ತೀರ್ಮಾನ, ಅದು ನಿಮ್ಮನ್ನು ಕಣ್ಣಾರೆ ನೋಡುತ್ತಿರುವ ಡಾಕ್ಟರ ಜೊತೆ ಕೂತು ಮಾಡಬೇಕಾದದ್ದು.

## ಬುಡದಿಂದ ಶುರು

ಕ್ಯಾನ್ಸರ್ ಅಂದ್ರೆ ನಿಜವಾಗಿ ಏನು? ಹೊರಗಿಂದ ಬಂದು ಸೇರಿಕೊಳ್ಳೋ ರೋಗಾನಾ?

ಅಲ್ಲ. ಅದು ನಮ್ಮದೇ ಜೀವಕೋಶ, ನಮ್ಮ ದೇಹದಲ್ಲೇ ಹುಟ್ಟಿದ್ದು. ವಯಸ್ಕರ ದೇಹದಲ್ಲಿ 30 ಲಕ್ಷ ಕೋಟಿಗಿಂತ ಜಾಸ್ತಿ ಜೀವಕೋಶಗಳಿವೆ ಅಂತ ಅಂದಾಜು. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಎಷ್ಟು ಬೇಕೋ ಅಷ್ಟೇ. ಕೈ ಕೊಯ್ದುಕೊಂಡರೆ ಅಲ್ಲಿನ ಚರ್ಮದ ಕೋಶಗಳು ಬೇಗ ಬೇಗ ಇಬ್ಭಾಗವಾಗಿ ಗಾಯ ತುಂಬುತ್ತವೆ. ಗಾಯ ಮಾಯ್ದ ಮೇಲೆ ತಾವಾಗಿಯೇ ನಿಲ್ಲುತ್ತವೆ. ಈ "ಸಾಕು, ನಿಲ್ಲು" ಅನ್ನುವ ಸೂಚನೆ ಕೋಶದ ಡಿಎನ್‌ಎಯಲ್ಲೇ ಬರೆದಿರುತ್ತದೆ.

ಆ ಬರಹ ಕೆಟ್ಟಾಗ ಒಂದು ಕೋಶ ನಿಲ್ಲುವುದನ್ನು ಮರೆಯುತ್ತದೆ. ಅದರ ಮಕ್ಕಳು, ಮೊಮ್ಮಕ್ಕಳು ಅದೇ ಕೆಟ್ಟ ಬರಹವನ್ನು ಹೊತ್ತು ಹುಟ್ಟುತ್ತವೆ. ಸಾಯಬೇಕಾದ ಹೊತ್ತಿನಲ್ಲಿ ಸಾಯುವುದಿಲ್ಲ. ಸಾಮಾನ್ಯವಾಗಿ ಒಂದೇ ಒಂದು ತಪ್ಪಿನಿಂದ ಇಷ್ಟೆಲ್ಲ ಆಗುವುದಿಲ್ಲ. ಹಲವು ತಪ್ಪುಗಳು ಒಂದೇ ಕೋಶದ ವಂಶದಲ್ಲಿ ವರ್ಷಗಟ್ಟಲೆ ಸೇರುತ್ತಾ ಹೋಗಬೇಕು. ವಯಸ್ಸಾದಂತೆ ಕ್ಯಾನ್ಸರ್ ಜಾಸ್ತಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಗಡ್ಡೆ ಅಂದ್ರೆ ಕ್ಯಾನ್ಸರ್ ಅಂತಾನೇ ಅರ್ಥನಾ?

ಖಂಡಿತ ಅಲ್ಲ. ನನ್ನ ಮೇಜಿಗೆ ಬರುವ ಗಡ್ಡೆಗಳಲ್ಲಿ ಎಷ್ಟೋ ಕ್ಯಾನ್ಸರ್ ಅಲ್ಲವೇ ಅಲ್ಲ. ಇವನ್ನು ಸಾದಾ ಗಡ್ಡೆ ಅನ್ನೋಣ. ಚರ್ಮದ ಕೆಳಗೆ ಕೈಗೆ ಜಾರುವ ಕೊಬ್ಬಿನ ಗಂಟು ನೋಡಿರುತ್ತೀರಿ, ಅದು ಲಿಪೋಮಾ. ಗರ್ಭಕೋಶದ ಫೈಬ್ರಾಯ್ಡ್ ಕೂಡ ಇದೇ ಗುಂಪಿಗೆ ಸೇರಿದ್ದು.

ವ್ಯತ್ಯಾಸ ಗಾತ್ರದಲ್ಲಿಲ್ಲ, ನಡತೆಯಲ್ಲಿದೆ. ಸಾದಾ ಗಡ್ಡೆ ಬೆಳೆದು ಅಕ್ಕಪಕ್ಕದ ಅಂಗಾಂಶವನ್ನು ತಳ್ಳುತ್ತದೆ, ಒಳಗೆ ನುಗ್ಗುವುದಿಲ್ಲ. ದೂರದ ಅಂಗಕ್ಕೆ ಹೋಗಿ ಬೇರು ಬಿಡುವುದಿಲ್ಲ. ಕ್ಯಾನ್ಸರ್ ಗಡ್ಡೆ ಮೊದಲು ಬೇಲಿ ಮುರಿದು ಪಕ್ಕಕ್ಕೆ ನುಗ್ಗುತ್ತದೆ. ಆಮೇಲೆ ರಕ್ತನಾಳ ಅಥವಾ ದುಗ್ಧರಸದ (ಲಿಂಫ್) ನಾಳ ಹಿಡಿದು ದೂರ ಹೋಗಬಲ್ಲದು. ಒಂದು ಕಿಲೋ ತೂಗುವ ಸಾದಾ ಗಡ್ಡೆಯೂ ಇರುತ್ತದೆ, ಒಂದು ಸೆಂಟಿಮೀಟರ್ ಇಲ್ಲದ ಕ್ಯಾನ್ಸರೂ ಇರುತ್ತದೆ.

ಹಾಗಂತ ಸಾದಾ ಗಡ್ಡೆ ಅಂದರೆ ತೊಂದರೆಯೇ ಇಲ್ಲ ಅಂತಲ್ಲ. ತಲೆಬುರುಡೆಯೊಳಗೆ ಜಾಗ ಕಡಿಮೆ. ಅಲ್ಲಿ ಸಾದಾ ಗಡ್ಡೆ ಬೆಳೆದರೂ ಮೆದುಳನ್ನು ಒತ್ತಿ ಪ್ರಾಣಕ್ಕೆ ಕುತ್ತು ತರಬಹುದು.

ಗಡ್ಡೆ ನೋಯ್ತಾ ಇಲ್ಲ. ಹಾಗಾದ್ರೆ ಭಯ ಇಲ್ಲ ಅಲ್ವಾ?

ಈ ನಂಬಿಕೆಯಿಂದ ಆದಷ್ಟು ನಷ್ಟ ಇನ್ನೊಂದರಿಂದ ಆಗಿಲ್ಲ ಅನ್ನಿಸುತ್ತದೆ ನನಗೆ. ಶುರುವಿನಲ್ಲಿ ಬಹುತೇಕ ಕ್ಯಾನ್ಸರ್ ಗಡ್ಡೆಗಳು ನೋಯುವುದೇ ಇಲ್ಲ. ನೋವಿಲ್ಲ ಅಂತ ಕಾಯಬೇಡಿ. ಹೊಸ ಗಂಟು ವಾರಗಳಾದರೂ ಕರಗದಿದ್ದರೆ, ಹುಣ್ಣು ಮಾಯದಿದ್ದರೆ, ಬರಬಾರದ ಕಡೆ ರಕ್ತ ಬಂದರೆ ತೋರಿಸಿ.

ಮುಟ್ಟಿದ್ರೆ, ಜೊತೆಗೆ ಮಲಗಿದ್ರೆ ಅಂಟಿಕೊಳ್ಳುತ್ತಾ?

ಇಲ್ಲ. ನೆಮ್ಮದಿಯಾಗಿ ಅಪ್ಪಿಕೊಳ್ಳಿ. ಇನ್ನೊಬ್ಬರ ಕ್ಯಾನ್ಸರ್ ಕೋಶ ನಮ್ಮ ದೇಹಕ್ಕೆ ಬಂದರೂ ನಮ್ಮ ರೋಗನಿರೋಧಕ ಶಕ್ತಿ ಅದನ್ನು ಪರಕೀಯ ಅಂತ ಗುರುತಿಸಿ ಕೊಲ್ಲುತ್ತದೆ. ಪ್ರಾಣಿಗಳಲ್ಲಿ ಇದಕ್ಕೆ ಅಪವಾದ ಇದೆ. ಟಾಸ್ಮೇನಿಯನ್ ಡೆವಿಲ್ ಅನ್ನುವ ಪ್ರಾಣಿಯ ಮುಖದ ಗಡ್ಡೆ ಕಚ್ಚಾಟದಲ್ಲಿ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. 1996ರಲ್ಲಿ ಅದು ಮೊದಲು ಕಣ್ಣಿಗೆ ಬಿತ್ತು.

ಮನುಷ್ಯರಲ್ಲಿ ಅಂಟುವುದು ಕೆಲವು ಕ್ಯಾನ್ಸರ್‌ಗಳಿಗೆ ದಾರಿ ಮಾಡಿಕೊಡುವ ಸೂಕ್ಷ್ಮಜೀವಿಗಳು. ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್, ಲಿವರ್ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಹೊಟ್ಟೆಯ ಕ್ಯಾನ್ಸರಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಎಚ್‌ಪಿವಿಗೂ ಹೆಪಟೈಟಿಸ್ ಬಿಗೂ ಲಸಿಕೆ ಇದೆ. ಕ್ಯಾನ್ಸರ್ ತಡೆಯುವ ಲಸಿಕೆ ಯಾವಾಗ ಬರುತ್ತೆ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಎರಡು ಆಗಲೇ ಬಂದಿವೆ, ಹಾಕಿಸಿ.

ನಾನು ಏನು ತಪ್ಪು ಮಾಡಿದೆ ಅಂತ ನನಗೆ ಬಂತು?

ಪತ್ರಗಳಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಂದು ಪತ್ರದಲ್ಲಿ ಈ ವಾಕ್ಯದ ಕೆಳಗೆ ಎರಡು ಸಲ ಗೆರೆ ಎಳೆದಿತ್ತು. ಪೆನ್ನಿನ ಒತ್ತಿಗೆ ಕಾಗದ ಹರಿದಿತ್ತು.

ಗೊತ್ತಿರುವ ಕಾರಣಗಳಿವೆ, ಅವನ್ನು ಮುಚ್ಚಿಡುವುದಿಲ್ಲ. 1775ರಲ್ಲಿ ಪರ್ಸಿವಲ್ ಪಾಟ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ ಚಿಮಣಿ ಗುಡಿಸುವವರಲ್ಲಿ ವೃಷಣದ ಚೀಲದ ಚರ್ಮದ ಕ್ಯಾನ್ಸರ್ ಜಾಸ್ತಿ ಅಂತ ಗಮನಿಸಿ ಮಸಿಯತ್ತ ಬೆರಳು ತೋರಿಸಿದ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿ ಸಮೇತ ಮುಂದಿಟ್ಟರು. ತಂಬಾಕು, ಮದ್ಯ, ಬಿಸಿಲಿನ ನೇರಳಾತೀತ ಕಿರಣ, ಕೆಲವು ಸೋಂಕು, ಅತಿ ತೂಕ, ಕಲ್ನಾರು. ಇವೆಲ್ಲ ಡಿಎನ್‌ಎಗೆ ಪೆಟ್ಟು ಕೊಡುತ್ತವೆ, ಇಲ್ಲವೇ ಕೋಶಗಳು ಬೇಕಿಲ್ಲದಷ್ಟು ಇಬ್ಭಾಗ ಆಗುವಂತೆ ಮಾಡುತ್ತವೆ.

ಆದರೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಕೋಶ ಎರಡಾಗುವಾಗ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎಯನ್ನು ನಕಲು ಮಾಡಬೇಕು. ಅಷ್ಟು ಬರೆಯುವಾಗ ಕೈತಪ್ಪು ಆಗೇ ಆಗುತ್ತದೆ. ಹೆಚ್ಚಿನ ತಪ್ಪುಗಳನ್ನು ಕೋಶವೇ ತಿದ್ದಿಕೊಳ್ಳುತ್ತದೆ, ಕೆಲವು ಉಳಿದುಬಿಡುತ್ತವೆ. ಬೀಡಿ ಸಿಗರೇಟು ಮುಟ್ಟದವರಿಗೂ, ಹಸುಗೂಸಿಗೂ ಕ್ಯಾನ್ಸರ್ ಬರುವುದುಂಟು. ನೀವು ಯಾವ ತಪ್ಪೂ ಮಾಡದೆ ಇರಬಹುದು. ತಂಬಾಕು ಹಾಕುತ್ತಿದ್ದರೂ ಈಗ ನಿಮ್ಮನ್ನು ನೀವು ಬೈದುಕೊಳ್ಳುವುದರಿಂದ ಏನೂ ಸಿಗುವುದಿಲ್ಲ. ಬಿಡುವುದರಿಂದ ಸಿಗುತ್ತದೆ, ಚಿಕಿತ್ಸೆ ನಡೆಯುವಾಗ ಬಿಟ್ಟರೂ ಸಹ.

ಅಮ್ಮನಿಗೆ ಇತ್ತು. ನನಗೂ ಬಂದೇ ಬರುತ್ತಾ?

ಹುಟ್ಟಿನಿಂದಲೇ ಬಂದ ಜೀನ್ ದೋಷದಿಂದ ಆಗುವ ಕ್ಯಾನ್ಸರ್ ಒಟ್ಟಾರೆ ನೂರಕ್ಕೆ 5ರಿಂದ 10 ಅಷ್ಟೇ. ವಯಸ್ಸಾದ ಮೇಲೆ ಒಬ್ಬರಿಗೆ ಬಂತು ಅನ್ನುವುದರಿಂದ ಮನೆಯ ಎಲ್ಲರಿಗೂ ದೋಷ ಇದೆ ಅಂತ ಆಗುವುದಿಲ್ಲ. ಹತ್ತಿರದ ರಕ್ತಸಂಬಂಧಿಗಳಲ್ಲಿ ಹಲವರಿಗೆ, ಅದೂ ಚಿಕ್ಕ ವಯಸ್ಸಿನಲ್ಲಿ, ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಮಾತು ಬೇರೆ. ಆಗ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ಪರೀಕ್ಷೆ ಬಗ್ಗೆ ಕೇಳಿ. ಈ ದೋಷ ತಂದೆಯ ಕಡೆಯಿಂದಲೂ ಬರಬಹುದು. ಇದನ್ನು ಎಷ್ಟೋ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪಿತ್ರಾರ್ಜಿತವಾಗಿ ಬರುವುದು ಕ್ಯಾನ್ಸರ್ ಅಲ್ಲ, ಅದಕ್ಕೆ ಹತ್ತಿರದ ದಾರಿ. ಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್ ನೋಡಿ 1971ರಲ್ಲಿ ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ ಇದನ್ನು ಬಿಡಿಸಿ ಹೇಳಿದರು. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಕಾವಲು ಜೀನ್ ಇದೆ, ಪ್ರತಿ ಕೋಶದಲ್ಲೂ ಅದರ ಎರಡು ಪ್ರತಿ ಇರುತ್ತವೆ. ಎರಡೂ ಕೆಟ್ಟರೆ ಗಡ್ಡೆ. ಒಂದು ಪ್ರತಿ ಕೆಟ್ಟೇ ಹುಟ್ಟಿದ ಮಗುವಿಗೆ ಇನ್ನೊಂದು ಪೆಟ್ಟು ಸಾಕು.

ಮೊನ್ನೆ ಮೊನ್ನೆವರೆಗೆ ಚೆನ್ನಾಗಿದ್ರು. ಇದ್ದಕ್ಕಿದ್ದ ಹಾಗೆ ಹೇಗೆ ಬಂತು?

ಇದ್ದಕ್ಕಿದ್ದ ಹಾಗೆ ಕಂಡಿತು, ಅಷ್ಟೇ. ಒಂದು ಲೆಕ್ಕ ಮಾಡೋಣ. ಒಂದು ಕೋಶ ಎರಡು, ಎರಡು ನಾಲ್ಕು, ನಾಲ್ಕು ಎಂಟು. ಹೀಗೆ 30 ಸಲ ದುಪ್ಪಟ್ಟಾದರೆ 107 ಕೋಟಿ ಕೋಶ. ಇದು ಸುಮಾರು ಒಂದು ಸೆಂಟಿಮೀಟರ್ ಗಡ್ಡೆ, ಕೈಗೆ ಸಿಕ್ಕರೆ ಸಿಕ್ಕೀತು. ಇನ್ನು ಹತ್ತೇ ಹತ್ತು ಸಲ ದುಪ್ಪಟ್ಟಾದರೆ ಅದು ಸಾವಿರ ಪಟ್ಟು. ಅಂದರೆ ಗಡ್ಡೆಯ ಆಯುಷ್ಯದ ಮುಕ್ಕಾಲು ಪಾಲು ಯಾರ ಕಣ್ಣಿಗೂ ಬೀಳದೆ ಕಳೆದಿರುತ್ತದೆ. ದೇಹದೊಳಗೆ ಇದು ಇಷ್ಟು ನೇರವಾಗಿ ನಡೆಯುವುದಿಲ್ಲ, ನಡುವೆ ಎಷ್ಟೋ ಕೋಶ ಸಾಯುತ್ತವೆ. ಆದರೆ ಲೆಕ್ಕದ ದಾರಿ ಇದೇ. ಹೋದ ವರ್ಷದ ಸ್ಕ್ಯಾನಿನಲ್ಲಿ ಕಾಣಲಿಲ್ಲ ಅಂತ ಯಾರನ್ನೋ ದೂರುವ ಮುಂಚೆ ಈ ಲೆಕ್ಕ ನೆನಪಿಗೆ ಬರಲಿ.

## ಹೆಸರಿನ ಒಳಗೆ

ಕಾರ್ಸಿನೋಮಾ, ಸಾರ್ಕೋಮಾ, ಲಿಂಫೋಮಾ... ಇಷ್ಟೊಂದು ಹೆಸರು ಯಾಕೆ? ಎಲ್ಲಾ ಕ್ಯಾನ್ಸರೇ ತಾನೆ?

ಎಲ್ಲಾ ಕ್ಯಾನ್ಸರೇ. ಆದರೆ ಎಷ್ಟೋ ಸಲ ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಹೆಸರು ಹೇಳುವುದು ಒಂದೇ ವಿಷಯ: ಈ ಗಡ್ಡೆಯ ಮೂಲ ಕೋಶ ಯಾವುದು?

ಚರ್ಮ, ಹಾಗೆಯೇ ಬಾಯಿ, ಕರುಳು, ಶ್ವಾಸನಾಳ, ಸ್ತನದ ನಾಳ ಇವುಗಳ ಒಳಗೋಡೆಯ ಹೊದಿಕೆ ಕೋಶಗಳಿಂದ ಹುಟ್ಟಿದ್ದು ಕಾರ್ಸಿನೋಮಾ. ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಇವೇ. ಆಶ್ಚರ್ಯವಿಲ್ಲ. ಹೊರಗಿನ ಪೆಟ್ಟು ಮೊದಲು ಬೀಳುವುದು ಹೊದಿಕೆ ಮೇಲೆ, ಸವೆದು ಮತ್ತೆ ಮತ್ತೆ ಹುಟ್ಟಬೇಕಾದದ್ದೂ ಅದೇ. ಅದರಲ್ಲೂ ಎರಡು ದೊಡ್ಡ ಕವಲು. ಚಪ್ಪಟೆ ಕೋಶದ್ದಾದರೆ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಇದು. ರಸ ಸ್ರವಿಸುವ ಗ್ರಂಥಿಯದ್ದಾದರೆ ಅಡಿನೋಕಾರ್ಸಿನೋಮಾ, ದೊಡ್ಡ ಕರುಳಿನದ್ದು ಹೆಚ್ಚಾಗಿ ಇದು.

ಮೂಳೆ, ಸ್ನಾಯು, ಕೊಬ್ಬು, ಮೃದ್ವಸ್ಥಿಯಿಂದ ಹುಟ್ಟಿದ್ದು ಸಾರ್ಕೋಮಾ. ದೊಡ್ಡವರಲ್ಲಿ ಅಪರೂಪ, ಮಕ್ಕಳಲ್ಲಿ ಅಷ್ಟು ಅಪರೂಪವಲ್ಲ. ದುಗ್ಧರಸ ಗ್ರಂಥಿಯ ಬಿಳಿ ರಕ್ತಕಣದಿಂದ ಹುಟ್ಟಿದ್ದು ಲಿಂಫೋಮಾ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ ರಕ್ತದಲ್ಲಿ ಹರಿಯುವುದು ಲ್ಯುಕೀಮಿಯಾ. ಚರ್ಮಕ್ಕೆ ಬಣ್ಣ ಕೊಡುವ ಕೋಶದ್ದು ಮೆಲನೋಮಾ. ಮೆದುಳಿನಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶದ್ದು ಗ್ಲಿಯೋಮಾ. ಹೀಗೆ ಎಣಿಸುತ್ತಾ ಹೋದರೆ ನೂರು ದಾಟುತ್ತದೆ.

ಹೃದಯದ ಕ್ಯಾನ್ಸರ್ ಯಾಕೆ ಕೇಳೇ ಇಲ್ಲ ಅಂತ ಒಬ್ಬ ಹುಡುಗ ಕೇಳಿದ್ದ. ತುಂಬಾ ಒಳ್ಳೆಯ ಪ್ರಶ್ನೆ. ಹೃದಯದ ಸ್ನಾಯುಕೋಶ ದೊಡ್ಡವರಾದ ಮೇಲೆ ಇಬ್ಭಾಗವಾಗುವುದೇ ತೀರಾ ಕಡಿಮೆ. ನಕಲು ಮಾಡದವರಿಗೆ ನಕಲಿನ ತಪ್ಪು ಎಲ್ಲಿಂದ?

ಹೆಸರು "ಓಮಾ" ಅಂತ ಮುಗಿದರೆ ಕ್ಯಾನ್ಸರ್ ಅಂತಾನಾ?

ಆ ಬಾಲಕ್ಕೆ ಗಡ್ಡೆ ಅಂತಷ್ಟೇ ಅರ್ಥ. ಲಿಪೋಮಾ, ಅಡಿನೋಮಾ, ಫೈಬ್ರೋಮಾ ಸಾದಾ ಗಡ್ಡೆಗಳು. ಅವುಗಳ ಕ್ಯಾನ್ಸರ್ ರೂಪಕ್ಕೆ ಲೈಪೋಸಾರ್ಕೋಮಾ, ಅಡಿನೋಕಾರ್ಸಿನೋಮಾ, ಫೈಬ್ರೋಸಾರ್ಕೋಮಾ ಅನ್ನುತ್ತೇವೆ. ಇಲ್ಲಿಯವರೆಗೆ ನಿಯಮ ಚೆಂದ. ಆದರೆ ಮೆಲನೋಮಾ, ಲಿಂಫೋಮಾ, ಮೀಸೋಥೀಲಿಯೋಮಾ, ಸೆಮಿನೋಮಾ ಕೇಳಲು ಸಾದಾ, ನಿಜಕ್ಕೂ ಕ್ಯಾನ್ಸರ್. ಇನ್ನು ಹೆಮಟೋಮಾ ಅಂದರೆ ಬರೀ ಹೆಪ್ಪುಗಟ್ಟಿದ ರಕ್ತ. ಗ್ರಾನುಲೋಮಾ ಅಂದರೆ ಉರಿಯೂತದ ಗಂಟು, ಕ್ಷಯದಲ್ಲೂ ಕಾಣುತ್ತದೆ. ಹೆಸರಿನ ಬಾಲ ನೋಡಿ ತೀರ್ಮಾನಕ್ಕೆ ಬರಬೇಡಿ.

ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ಲಿವರಿಗೆ ಹೋಗಿದೆ. ಈಗ ಅದು ಲಿವರ್ ಕ್ಯಾನ್ಸರಾ?

ಅಲ್ಲ, ಅದು ಲಿವರಿಗೆ ವಲಸೆ ಹೋದ ಶ್ವಾಸಕೋಶದ ಕ್ಯಾನ್ಸರ್. ಲಿವರಿನ ಆ ಗಂಟಿನಿಂದ ಚೂರು ತೆಗೆದು ನೋಡಿದರೆ ನನಗೆ ಕಾಣುವುದು ಲಿವರ್ ಕೋಶವಲ್ಲ, ಶ್ವಾಸಕೋಶದ ಕೋಶ. ಔಷಧಿಯೂ ಶ್ವಾಸಕೋಶದ ಕ್ಯಾನ್ಸರಿನದ್ದೇ. ಎಲ್ಲಿ ಕೂತಿದೆ ಅನ್ನುವುದಕ್ಕಿಂತ ಎಲ್ಲಿಂದ ಬಂದಿದೆ ಅನ್ನುವುದು ಮುಖ್ಯ.

ಯಾವ ಕ್ಯಾನ್ಸರ್ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲೂ ಒಂದು ಕ್ರಮ ಇದೆ. 1889ರಲ್ಲಿ ಇಂಗ್ಲಿಷ್ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಇದನ್ನು ಬೀಜ ಮತ್ತು ಮಣ್ಣಿಗೆ ಹೋಲಿಸಿದರು. ಬೀಜ ಎಲ್ಲ ಕಡೆ ಬೀಳುತ್ತದೆ, ಮೊಳೆಯುವುದು ಹೊಂದುವ ನೆಲದಲ್ಲಿ ಮಾತ್ರ. ಪ್ರಾಸ್ಟೇಟ್ ಕ್ಯಾನ್ಸರಿಗೆ ಮೂಳೆ ಅಂದರೆ ಇಷ್ಟ. ಕರುಳಿನ ರಕ್ತ ಮೊದಲು ಲಿವರಿಗೆ ಹೋಗುವುದರಿಂದ ಕರುಳಿನ ಕ್ಯಾನ್ಸರಿಗೆ ಲಿವರೇ ಮೊದಲ ನಿಲ್ದಾಣ.

ರಕ್ತದ ಕ್ಯಾನ್ಸರ್‌ನಲ್ಲೂ ಬಗೆಗಳಿವೆಯಾ?

ಬೇಕಾದಷ್ಟಿವೆ. ಮೊದಲ ಪ್ರಶ್ನೆ, ವೇಗ ಎಷ್ಟು? ದಿನ, ವಾರಗಳಲ್ಲಿ ಏರುವುದು ಅಕ್ಯೂಟ್. ವರ್ಷಗಟ್ಟಲೆ ಎಳೆಯುವುದು ಕ್ರಾನಿಕ್. ಎರಡನೆಯದು, ಯಾವ ಕವಲಿನ ಕೋಶ? ರಕ್ತಕಣ ಹುಟ್ಟುವ ಎರಡು ಕವಲುಗಳಲ್ಲಿ ಲಿಂಫಾಯ್ಡೋ, ಮೈಲಾಯ್ಡೋ? ಹೀಗೆ ನಾಲ್ಕು ದೊಡ್ಡ ಗುಂಪು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ. ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಕ್ಕ ಮಕ್ಕಳಲ್ಲಿ ಬಹುಪಾಲು ವಾಸಿಯಾಗುತ್ತಾರೆ.

ಹೆಸರು ಎಷ್ಟು ಮುಖ್ಯ ಅನ್ನುವುದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೀಮಿಯಾ. ರಕ್ತಸ್ರಾವದಿಂದ ಬಹಳ ಬೇಗ ಪ್ರಾಣ ತೆಗೆಯುತ್ತಿದ್ದ ರೋಗ ಅದು. ಇಂದು ಎ ಜೀವಸತ್ವದಿಂದ ಬಂದ ಒಂದು ಮಾತ್ರೆ ಮತ್ತು ಆರ್ಸೆನಿಕ್, ಹೌದು, ಪಾಷಾಣವೇ, ಇವೆರಡರಿಂದ ಅತಿ ಚೆನ್ನಾಗಿ ವಾಸಿಯಾಗುವ ಲ್ಯುಕೀಮಿಯಾಗಳಲ್ಲಿ ಒಂದು. ಆದರೆ ಅನುಮಾನ ಬಂದ ದಿನವೇ ಹೆಸರು ಹಿಡಿಯಬೇಕು, ಅವತ್ತೇ ಮಾತ್ರೆ ಶುರುವಾಗಬೇಕು. ಬರೀ "ರಕ್ತದ ಕ್ಯಾನ್ಸರ್" ಅಂತ ಬರೆದು ಕೂತರೆ ಆ ಜೀವ ಹೋಗುತ್ತದೆ.

ಅಂಡಾಶಯದ ಗಡ್ಡೆಯೊಳಗೆ ಕೂದಲು, ಹಲ್ಲು ಇತ್ತಂತೆ. ಹೀಗೂ ಉಂಟಾ?

ಉಂಟು. ಅದು ಟೆರಟೋಮಾ. ಅಂಡವಾಗಬೇಕಾದ ಮೂಲಕೋಶಕ್ಕೆ ದೇಹದ ಯಾವ ಅಂಗಾಂಶವನ್ನಾದರೂ ಕಟ್ಟುವ ಶಕ್ತಿ ಇರುತ್ತದೆ. ಅದು ದಾರಿ ತಪ್ಪಿ ಬೆಳೆದಾಗ ಚರ್ಮ, ಕೂದಲು, ಹಲ್ಲು ಎಲ್ಲ ಕಾಣಿಸುತ್ತವೆ. ಅಂಡಾಶಯದ್ದು ಸಾಮಾನ್ಯವಾಗಿ ಸಾದಾ ಗಡ್ಡೆಯೇ. ಯಾರ ಶಾಪವೂ ಅಲ್ಲ, ಮಾಟವೂ ಅಲ್ಲ.

## ರಿಪೋರ್ಟ್ ಕೈಗೆ ಬಂದಾಗ

ಬಯಾಪ್ಸಿ ಮಾಡಿದ್ರೆ ಗಡ್ಡೆ ಕೆರಳಿ ಹರಡುತ್ತೆ ಅಂತಾರೆ. ನಿಜಾನಾ?

ಬಯಾಪ್ಸಿ ಅಂದರೆ ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವುದು, ಹೆಚ್ಚಾಗಿ ಸೂಜಿಯಿಂದ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶ ಉಳಿದುಬಿಡುವುದು ಬಹಳ ಅಪರೂಪಕ್ಕೆ ಆಗಿದೆ. ಅದು ಗೊತ್ತಿರುವುದರಿಂದಲೇ ವೃಷಣದ ಗಡ್ಡೆಯಂಥ ಕೆಲವು ಕಡೆ ಸೂಜಿ ಹಾಕುವುದಿಲ್ಲ. ಸಾರ್ಕೋಮಾ ಅನುಮಾನ ಇದ್ದರೆ ಮುಂದೆ ಆಪರೇಷನ್ ಮಾಡುವವರೇ ಸೂಜಿಯ ದಾರಿಯನ್ನೂ ಗೊತ್ತು ಮಾಡುತ್ತಾರೆ. ಉಳಿದ ಕಡೆ ಈ ಭಯಕ್ಕೆ ಬಯಾಪ್ಸಿ ಬೇಡ ಅನ್ನುವುದು ಹೆಸರೇ ಗೊತ್ತಿಲ್ಲದ ರೋಗಕ್ಕೆ ಔಷಧಿ ಕೊಡಿ ಅಂದ ಹಾಗೆ. "ಬಯಾಪ್ಸಿ ಮಾಡಿಸಿದ ಮೇಲೇ ಜಾಸ್ತಿ ಆಯ್ತು" ಅನ್ನುವವರ ದುಃಖ ನನಗೆ ಅರ್ಥವಾಗುತ್ತದೆ. ಅಷ್ಟರಲ್ಲಿ ರೋಗವೇ ಮುಂದುವರಿದಿರುತ್ತದೆ.

ಸಣ್ಣ ಚೂರಿಗೆ ಇಷ್ಟು ದಿನ ಯಾಕೆ? ಅದನ್ನ ಏನು ಮಾಡ್ತೀರಿ?

ಕಾಯುವ ದಿನಗಳು ಎಷ್ಟು ಉದ್ದ ಅಂತ ಗೊತ್ತು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಚೂರು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಬರುತ್ತದೆ. ಕೊಳೆಯದಂತೆ, ಗಟ್ಟಿಯಾಗುವಂತೆ ಅದು ಗಂಟೆಗಟ್ಟಲೆ ನೆನೆಯಬೇಕು. ಆಮೇಲೆ ಆಲ್ಕೋಹಾಲಿನಲ್ಲಿ ನೀರಿನ ಅಂಶ ತೆಗೆಯುತ್ತೇವೆ. ಕರಗಿದ ಮೇಣ ಅದರ ಒಳಕ್ಕೆಲ್ಲ ಇಳಿಯಬೇಕು. ತಣ್ಣಗಾದ ಮೇಲೆ ಅದು ಹೆಬ್ಬೆರಳಗಲದ ಬಿಳಿ ಮೇಣದ ಅಚ್ಚು. ಇದನ್ನೇ ಬ್ಲಾಕ್ ಅನ್ನುವುದು. ಅದನ್ನು ಮೈಕ್ರೋಟೋಮ್ ಅಲಗಿಗೆ ಕೊಟ್ಟು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ತೆಳ್ಳಗೆ ಸೀಳುತ್ತೇವೆ. ಆ ಪದರ ಬಿಸಿ ನೀರಿನ ಮೇಲೆ ತೇಲುತ್ತದೆ, ಉಸಿರು ಬಿಟ್ಟರೂ ಸುಕ್ಕಾಗುತ್ತದೆ. ಗಾಜಿನ ಮೇಲೆ ಮೆಲ್ಲಗೆ ಎತ್ತಿಕೊಂಡು ಬಣ್ಣ ಹಾಕಿದರೆ ಕೋಶದ ನಡುವಿನ ಕೇಂದ್ರ ನೀಲಿ, ಸುತ್ತಲಿನದ್ದು ಗುಲಾಬಿ. ಮೂಳೆಯ ಚೂರಾದರೆ ಮೊದಲು ಅದರ ಸುಣ್ಣ ಕರಗಿಸಬೇಕು, ಇನ್ನೂ ಕೆಲವು ದಿನ ಹಿಡಿಯುತ್ತದೆ.

ಆರೋಗ್ಯವಾಗಿರುವ ದೊಡ್ಡ ಕರುಳಿನ ಗೋಡೆ ನೋಡಲು ಚೆಂದ. ಗ್ರಂಥಿಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಕೋಶದ ನೀಲಿ ಕೇಂದ್ರ ಒಂದೇ ಗೆರೆಯಲ್ಲಿ ತಳದಲ್ಲಿ ಕೂತಿರುತ್ತದೆ. ಕ್ಯಾನ್ಸರ್ ಇದ್ದಲ್ಲಿ ಆ ಸಾಲು ಮುರಿದಿರುತ್ತದೆ. ಕೇಂದ್ರಗಳು ಊದಿ, ಕಪ್ಪಾಗಿ, ಒಂದರ ಮೇಲೊಂದು ಏರಿರುತ್ತವೆ. ಗ್ರಂಥಿಯೊಂದು ತನ್ನ ಜಾಗ ಬಿಟ್ಟು ಕೆಳಗಿನ ಸ್ನಾಯುವಿನ ಎಳೆಗಳ ನಡುವೆ ನುಸುಳಿರುವುದು ಕಂಡರೆ ಮತ್ತೆ ಅನುಮಾನ ಉಳಿಯುವುದಿಲ್ಲ. ಅಂಥ ಗಾಜು ನೋಡಿ ಮುಗಿಸಿದ ಮೇಲೂ ಫಾರಂ ಮೇಲಿನ ವಯಸ್ಸನ್ನು ಇನ್ನೊಮ್ಮೆ ನೋಡುತ್ತೇನೆ. ಅಭ್ಯಾಸವಾಗಿಬಿಟ್ಟಿದೆ.

ಗ್ರೇಡ್ ಮತ್ತು ಸ್ಟೇಜ್ ಎರಡೂ ಒಂದೇ ಅಲ್ವಾ?

ಅಲ್ಲ. ಗ್ರೇಡ್ ಅಂದರೆ ಸ್ವಭಾವ, ಸ್ಟೇಜ್ ಅಂದರೆ ಎಷ್ಟು ದೂರ ಹೋಗಿದೆ ಅನ್ನುವುದು. ಕ್ಯಾನ್ಸರ್ ಕೋಶ ತನ್ನ ಮೂಲ ಕೋಶವನ್ನು ಇನ್ನೂ ಹೋಲುತ್ತಿದ್ದರೆ ಕಡಿಮೆ ಗ್ರೇಡ್. ಗುರುತೇ ಸಿಗದಷ್ಟು ಕೆಟ್ಟಿದ್ದರೆ ಹೆಚ್ಚಿನ ಗ್ರೇಡ್. ಗ್ರೇಡ್ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ, ಸ್ಟೇಜಿಗೆ ಸ್ಕ್ಯಾನ್ ಮತ್ತು ಆಪರೇಷನ್ ವಿವರ ಬೇಕು.

ಪ್ರಾಸ್ಟೇಟ್ ಕ್ಯಾನ್ಸರಿನ ಗ್ರೇಡ್ ಹೇಳುವ ಗ್ಲೀಸನ್ ಸ್ಕೋರ್ ನೋಡಿ ಗಾಬರಿಯಾಗುವವರು ಬಹಳ. ಹತ್ತಕ್ಕೆ ಆರು ಅಂದಾಗ ಅರ್ಧ ದಾಟಿಬಿಟ್ಟಿತು ಅಂದುಕೊಳ್ಳುತ್ತಾರೆ. ಈಗ ಬಳಕೆಯಲ್ಲಿ ಅದು ಶುರುವಾಗುವುದೇ ಆರರಿಂದ. ಆರು ಅಂದರೆ ಎಲ್ಲಕ್ಕಿಂತ ಸೌಮ್ಯ. ಈ ಗೊಂದಲ ತಪ್ಪಿಸಲು ಈಗ 1ರಿಂದ 5ರ ಗ್ರೇಡ್ ಗುಂಪನ್ನೂ ಜೊತೆಗೆ ಬರೆಯುತ್ತಾರೆ.

ಟಿ2 ಎನ್1 ಎಂ0 ಅಂತ ಬರೆದಿದ್ದಾರೆ. ಹೇಗೆ ಓದೋದು?

ಟಿ ಅಂದರೆ ಮೂಲ ಗಡ್ಡೆ, ಎನ್ ಅಂದರೆ ಹತ್ತಿರದ ದುಗ್ಧರಸ ಗ್ರಂಥಿಗಳು, ಎಂ ಅಂದರೆ ದೂರಕ್ಕೆ ಹರಡಿರುವುದು. ಅಂಕಿ ಹೆಚ್ಚಿದಷ್ಟೂ ರೋಗ ಹೆಚ್ಚು. ಎಂ0 ಅಂದರೆ ದೂರಕ್ಕೆ ಹೋದದ್ದು ಕಂಡಿಲ್ಲ. ಫ್ರಾನ್ಸಿನ ಪಿಯರ್ ಡೆನ್ವಾ 1940ರ ದಶಕದಲ್ಲಿ ಕಟ್ಟತೊಡಗಿದ ಪದ್ಧತಿ ಇದು. ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

ಒಂದು ಎಚ್ಚರ. ಟಿ2 ಅನ್ನುವುದು ಎಲ್ಲ ಅಂಗಕ್ಕೂ ಒಂದೇ ಅಲ್ಲ. ಸ್ತನದಲ್ಲಿ ಅದು ಗಾತ್ರದ ಮಾತು, 2 ಸೆಂಟಿಮೀಟರ್ ದಾಟಿ 5ರ ಒಳಗೆ. ದೊಡ್ಡ ಕರುಳಿನಲ್ಲಿ ಅದು ಆಳದ ಮಾತು, ಗೋಡೆಯ ಸ್ನಾಯುವಿನ ಪದರಕ್ಕೆ ಇಳಿದಿದೆ ಅಂತ. ಮುಂದೆ ಚಿಕ್ಕ ಸಿ ಇದ್ದರೆ ಪರೀಕ್ಷೆ ಮತ್ತು ಸ್ಕ್ಯಾನ್ ನೋಡಿ ಹೇಳಿದ್ದು. ಪಿ ಇದ್ದರೆ ತೆಗೆದ ಗಡ್ಡೆಯನ್ನು ಕೊಯ್ದು ನೋಡಿ ಹೇಳಿದ್ದು. ವೈ ಇದ್ದರೆ ಕೀಮೋ ಅಥವಾ ರೇಡಿಯೇಷನ್ ಆದ ಮೇಲಿನದ್ದು.

"ಇನ್ ಸಿಟು" ಅಂತ ಇದೆ. ಕ್ಯಾನ್ಸರ್ ಹೌದಾ ಅಲ್ವಾ?

ಹೊಸ್ತಿಲಲ್ಲಿ ನಿಂತಿದೆ. ಕೋಶಗಳು ಕೆಟ್ಟಿವೆ, ಆದರೆ ಹೊದಿಕೆಯ ತಳದ ತೆಳು ಪೊರೆಯನ್ನು ಇನ್ನೂ ದಾಟಿಲ್ಲ. ರಕ್ತನಾಳ ಇರುವುದು ಆ ಪೊರೆಯ ಆಚೆ. ಹಾಗಾಗಿ ಹರಡಲು ದಾರಿ ಸಿಕ್ಕಿಲ್ಲ. ಇದನ್ನು ಸ್ಟೇಜ್ 0 ಅನ್ನುವುದುಂಟು. ಗರ್ಭಕೊರಳಿನ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಿ ಅಂತ ಬೇಡಿಕೊಳ್ಳುವುದು ಈ ಹಂತದಲ್ಲಿ, ಇನ್ನೂ ಹಿಂದೆಯೇ, ಹಿಡಿಯಬಹುದು ಅನ್ನುವ ಕಾರಣಕ್ಕೆ.

ನಾಲ್ಕನೇ ಸ್ಟೇಜ್ ಅಂದ್ರೆ ಮುಗೀತು ಅಂತಾನಾ?

ಪೂರ್ತಿ ಹೆಸರು ಕೇಳದೆ ಇದಕ್ಕೆ ಯಾರೂ ಉತ್ತರ ಹೇಳಬಾರದು. ಹಾಜ್‌ಕಿನ್ ಲಿಂಫೋಮಾ ನಾಲ್ಕನೇ ಸ್ಟೇಜಿನಲ್ಲಿದ್ದರೂ ಎಷ್ಟೋ ಜನರಿಗೆ ವಾಸಿಯಾಗುತ್ತದೆ. ವೃಷಣದ ಜರ್ಮ್ ಸೆಲ್ ಗಡ್ಡೆಗೆ ನಾಲ್ಕನೇ ಸ್ಟೇಜ್ ಅನ್ನುವುದೇ ಇಲ್ಲ, ದೂರಕ್ಕೆ ಹರಡಿದರೂ ಮೂರೇ. 55 ವರ್ಷದೊಳಗಿನವರ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ದೂರಕ್ಕೆ ಹೋದರೂ ಅದು ಸ್ಟೇಜ್ 2. ಅದೇ ಥೈರಾಯ್ಡಿನ ಅನಾಪ್ಲಾಸ್ಟಿಕ್ ಬಗೆ ಎಷ್ಟೇ ಚಿಕ್ಕದಿದ್ದರೂ ಶುರುವೇ ನಾಲ್ಕರಿಂದ, ಅಷ್ಟು ಉಗ್ರ. ಮೇದೋಜೀರಕ ಗ್ರಂಥಿಯ ನಾಲ್ಕನೇ ಸ್ಟೇಜ್ ನಿಜಕ್ಕೂ ಕಷ್ಟದ್ದು, ಸುಳ್ಳು ಧೈರ್ಯ ಹೇಳಲಾರೆ. ಅಲ್ಲೂ ನೋವು ತಗ್ಗಿಸುವ ಚಿಕಿತ್ಸೆ ಇದೆ, ಅದನ್ನು ಕೊನೆಗೆ ಅಂತ ಎತ್ತಿಡದೆ ಮೊದಲ ದಿನದಿಂದಲೇ ಕೇಳಿ ಪಡೆಯಬೇಕು.

## ಇನ್ನೂ ಒಳಕ್ಕೆ

ನಮ್ಮಿಬ್ಬರದೂ ಸ್ತನದ ಕ್ಯಾನ್ಸರ್, ಸ್ಟೇಜೂ ಒಂದೇ. ಅವರಿಗೆ ಬರೀ ಮಾತ್ರೆ, ನನಗೆ ಕೀಮೋ. ಯಾಕೆ?

ನಿಮ್ಮ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್2 ಅಂತ ಮೂರು ಸಾಲು ಇರುತ್ತವೆ. ಮೊದಲೆರಡು ಹಾರ್ಮೋನ್ ಹಿಡಿಯುವ ಕೊಂಡಿಗಳು. ಅವು ಇದ್ದರೆ ಆ ಗಡ್ಡೆ ಹಾರ್ಮೋನಿನ ಬಲದಿಂದ ಬೆಳೆಯುತ್ತಿದೆ, ಹಾರ್ಮೋನನ್ನು ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಹರ್2 ಕೋಶಕ್ಕೆ ಬೆಳೆಯುವ ಸೂಚನೆ ಕೊಡುವ ಪ್ರೋಟೀನು. ಅದು ಜಾಸ್ತಿ ಇದ್ದರೆ ಟ್ರಾಸ್ಟುಜುಮ್ಯಾಬ್ ಅನ್ನುವ ಔಷಧಿ ಇದೆ, 1998ರಿಂದ ಬಳಕೆಯಲ್ಲಿದೆ. ಮೂರೂ ಇಲ್ಲದಿದ್ದರೆ ಟ್ರಿಪಲ್ ನೆಗೆಟಿವ್. ಅಲ್ಲಿ ಕೀಮೋಗೆ ಹೆಚ್ಚಿನ ಪಾತ್ರ. ಕಣ್ಣಿಗೆ ಒಂದೇ ಥರ ಕಂಡ ಗಡ್ಡೆಗಳು ಒಳಗೆ ಬೇರೆ ಬೇರೆ ರೋಗ. ಹಾಗಾಗಿ ಪಕ್ಕದವರ ಚಿಕಿತ್ಸೆ ಜೊತೆ ನಿಮ್ಮದನ್ನು ಹೋಲಿಸಿಕೊಂಡು ಕೊರಗಬೇಡಿ.

ಜೀನ್ ಟೆಸ್ಟ್ ಮಾಡಿಸಿ ಅಂದಿದ್ದಾರೆ. ನಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲ?

ಇದು ಹೆಚ್ಚಾಗಿ ಗಡ್ಡೆಯ ಜೀನ್ ಪರೀಕ್ಷೆ, ನಿಮ್ಮ ವಂಶದ್ದಲ್ಲ. ಗಡ್ಡೆಯಲ್ಲಿ ಮಾತ್ರ ಆಗಿರುವ ತಪ್ಪು ಮಕ್ಕಳಿಗೆ ಹೋಗುವುದಿಲ್ಲ.

ಇದರ ಕಥೆ ದೊಡ್ಡದು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕರಾದ ನೋವೆಲ್ ಮತ್ತು ಹಂಗರ್‌ಫರ್ಡ್ ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ ಕೋಶಗಳಲ್ಲಿ ಒಂದು ಮೋಟು ವರ್ಣತಂತು, ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಎಳೆ (ಕ್ರೋಮೋಸೋಮ್), ಕಂಡರು. 1973ರಲ್ಲಿ ಅಮೆರಿಕದ ವಿಜ್ಞಾನಿ ಜಾನೆಟ್ ರೌಲಿ ಅದು 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾದದ್ದು ಅಂತ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಒಂದು ಪ್ರೋಟೀನು ಕೋಶಕ್ಕೆ ಬಿಡದೆ "ಬೆಳೆ, ಬೆಳೆ" ಅನ್ನುತ್ತಿರುತ್ತದೆ. ಅದರ ಬಾಯಿಗೆ ಬೀಗ ಹಾಕುವ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಕೆಲವೇ ವರ್ಷದಲ್ಲಿ ಜೀವ ತೆಗೆಯುತ್ತಿದ್ದ ರೋಗ ಬಹಳ ಜನರಿಗೆ ದಿನಾ ಮಾತ್ರೆ ನುಂಗಿ ಬದುಕುವಂಥದ್ದಾಯಿತು. ಮೋಟು ತಂತು ಕಂಡಾಗಿನಿಂದ ಮಾತ್ರೆ ಬರುವ ತನಕ 41 ವರ್ಷ.

2017ರಲ್ಲಿ ಇನ್ನೊಂದು ಹೆಜ್ಜೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಮೊದಲ ಬಾರಿಗೆ ಒಂದು ಕ್ಯಾನ್ಸರ್ ಔಷಧಿಗೆ ಯಾವ ಅಂಗ ಅಂತ ಕೇಳದೆ, ಡಿಎನ್‌ಎ ತಿದ್ದುವ ವ್ಯವಸ್ಥೆ ಕೆಟ್ಟಿರುವುದಷ್ಟನ್ನೇ ನೋಡಿ ಒಪ್ಪಿಗೆ ಕೊಟ್ಟಿತು. ಅಂಗದ ಹೆಸರಿನ ಜೊತೆಗೆ ಜೀನಿನ ಹೆಸರೂ ಈಗ ರೋಗದ ಹೆಸರಿನ ಭಾಗ.

ಮೆದುಳಿನ ಗಡ್ಡೆಗೆ ಸ್ಟೇಜೇ ಬರೆದಿಲ್ಲ. ಮರೆತರಾ?

ಮರೆತಿಲ್ಲ. ಮೆದುಳಿನಲ್ಲೇ ಹುಟ್ಟಿದ ಗಡ್ಡೆ ದೇಹದ ಬೇರೆ ಅಂಗಕ್ಕೆ ಹೋಗುವುದು ತೀರಾ ಅಪರೂಪ, ಅದಕ್ಕೆ ಟಿ, ಎನ್, ಎಂ ಹೊಂದುವುದಿಲ್ಲ. ಅಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 1ರಿಂದ 4ರ ಗ್ರೇಡೇ ಮಾತಾಡುವುದು.

ಎಲ್ಲಿಂದ ಶುರುವಾಯ್ತು ಅಂತಾನೇ ಗೊತ್ತಾಗ್ತಿಲ್ಲ ಅಂತಾರೆ. ಇದೆಂಥಾ ರಿಪೋರ್ಟು?

ಹರಡಿದ ಗಡ್ಡೆ ಸಿಕ್ಕಿದೆ, ಮೂಲ ಸಿಕ್ಕಿಲ್ಲ. ಇಂಥ ರಿಪೋರ್ಟ್ ಬರೆಯುವಾಗ ಮನಸ್ಸು ಭಾರವಾಗುತ್ತದೆ. ಒಂದೊಂದು ಪ್ರೋಟೀನನ್ನು ಹುಡುಕಿ ಅಂಟುವ ಪ್ರತಿಕಾಯಗಳನ್ನು (ಆಂಟಿಬಾಡಿ) ಬಳಸಿ ಬಣ್ಣ ಹಾಕುವ ಒಂದು ವಿಧಾನ ಇದೆ. ಟಿಟಿಎಫ್1 ಅನ್ನುವ ಪ್ರೋಟೀನಿಗೆ ಬಣ್ಣ ಬಂದರೆ ಶ್ವಾಸಕೋಶ ಅಥವಾ ಥೈರಾಯ್ಡ್ ಕಡೆ, ಪಿಎಸ್‌ಎ ಅನ್ನುವುದಕ್ಕೆ ಬಂದರೆ ಪ್ರಾಸ್ಟೇಟ್ ಕಡೆ ಬೆರಳು ತೋರಿಸುತ್ತದೆ. ಒಂದೊಂದು ಬಣ್ಣವೂ ಒಂದೊಂದು ಸುಳಿವು. ಕೆಲವು ಸಲ ಎಷ್ಟು ಹುಡುಕಿದರೂ ಮೂಲ ಕಾಣದು, ಅಷ್ಟು ಚಿಕ್ಕದಿರುತ್ತದೆ. ಆಗಲೂ ಸಿಕ್ಕ ಸುಳಿವುಗಳ ಮೇಲೆ ಚಿಕಿತ್ಸೆ ಶುರು ಮಾಡಬಹುದು.

ಕೊನೇಲಿ 8140/3 ಅಂತ ಒಂದು ನಂಬರ್ ಇದೆ. ಬಿಲ್ ನಂಬರಾ?

ಅದು ಗಡ್ಡೆಯ ಅಂತರರಾಷ್ಟ್ರೀಯ ಸಂಕೇತ. ಮೊದಲ ನಾಲ್ಕು ಅಂಕಿ ಕೋಶದ ಬಗೆ. 8140 ಗ್ರಂಥಿಯದ್ದು. ಗೀಟಿನ ನಂತರದ್ದು ನಡತೆ. 0 ಸಾದಾ, 1 ಎರಡೂ ಅಲ್ಲದ ಗಡಿಯದ್ದು, 2 ಇನ್ ಸಿಟು, 3 ಕ್ಯಾನ್ಸರ್. ಹಾಗಾಗಿ 8140/0 ಅಡಿನೋಮಾ, 8140/3 ಅಡಿನೋಕಾರ್ಸಿನೋಮಾ. ಒಂದೇ ಒಂದು ಅಂಕಿಯ ಫರಕು.

ಹಳೇ ರಿಪೋರ್ಟಲ್ಲಿ ಕ್ಯಾನ್ಸರ್ ಅಂತಿತ್ತು. ಈಗಿನ ಡಾಕ್ಟ್ರು ಅದು ಕ್ಯಾನ್ಸರೇ ಅಲ್ಲ ಅಂತಾರೆ. ಮೊದಲಿನವರು ತಪ್ಪು ಮಾಡಿದರಾ?

ತಪ್ಪು ಆಗಿರಬೇಕೆಂದಿಲ್ಲ. ವರ್ಗೀಕರಣವೇ ಬದಲಾಗಿರಬಹುದು. ಥೈರಾಯ್ಡಿನಲ್ಲಿ ಕವಚದೊಳಗೇ ಉಳಿದು ಎಲ್ಲೂ ನುಗ್ಗದ ಒಂದು ಬಗೆಯ ಗಡ್ಡೆ ಇದೆ. ಅದನ್ನು ಪ್ಯಾಪಿಲರಿ ಕಾರ್ಸಿನೋಮಾದ ಒಂದು ರೂಪ ಅನ್ನುತ್ತಿದ್ದರು. ಹಲವು ದೇಶಗಳ ತಜ್ಞರು ಅಂಥವರನ್ನು ವರ್ಷಗಟ್ಟಲೆ ಗಮನಿಸಿ, ಅದು ಮರುಕಳಿಸುವುದೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಕಂಡುಕೊಂಡು, 2016ರಲ್ಲಿ ಹೆಸರಿನಿಂದ ಕಾರ್ಸಿನೋಮಾ ಅನ್ನುವ ಪದವನ್ನೇ ತೆಗೆದರು. ಈಗ ಅದಕ್ಕೆ ನಿಫ್ಟಿಪಿ ಅನ್ನುತ್ತೇವೆ. ಎದುರು ದಿಕ್ಕಿನಲ್ಲೂ ಆಗಿದೆ. ಮೈಕ್ರೋಸ್ಕೋಪಿನಲ್ಲಿ ಸೌಮ್ಯವಾಗಿ ಕಂಡ ಮೆದುಳಿನ ಕೆಲವು ಗಡ್ಡೆಗಳನ್ನು 2021ರಿಂದ ಜೀನ್ ನೋಡಿ ಗ್ಲಿಯೋಬ್ಲಾಸ್ಟೋಮಾ, ಅಂದರೆ ಗ್ರೇಡ್ 4, ಅನ್ನುತ್ತೇವೆ.

ನಿಮ್ಮದು ಹಳೆಯ ರಿಪೋರ್ಟ್ ಆಗಿದ್ದು ಮನಸ್ಸಿನಲ್ಲಿ ಅನುಮಾನ ಇದ್ದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಲೇಬೇಕು ಅಂತಿಲ್ಲ. ಆ ಮೇಣದ ಬ್ಲಾಕ್ ಹಾಗೇ ಇರುತ್ತದೆ, ಲ್ಯಾಬ್‌ಗಳು ಅದನ್ನು ವರ್ಷಗಟ್ಟಲೆ ಕಾಪಾಡುತ್ತವೆ. ರಿಪೋರ್ಟಿನ ಮೇಲಿರುವ ಬಯಾಪ್ಸಿ ನಂಬರ್ ಕೊಟ್ಟು ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಕೇಳಿ ತೆಗೆದುಕೊಳ್ಳಿ. ಬ್ಲಾಕನ್ನು ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ. ಇನ್ನೊಬ್ಬ ಪೆಥಾಲಜಿಸ್ಟ್ ಅದರಿಂದಲೇ ಹೊಸದಾಗಿ ಸೀಳಿ, ಬಣ್ಣ ಹಾಕಿ ನೋಡುತ್ತಾರೆ.